ಹೂಂಗುಟ್ಟಿದ ಗುರುಗಳು

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ವಸುಮತಿ. ಬೇಕಾದ್ರೆ ಈ ಹೊಳೆ ನೀರು ಮುಟ್ಟಿ ಹೇಳ್ತೀನಿ, ನೋಡು, ಮುಟ್ಟಿದೆ.

ಸಿನಿಮಾಕ್ಕೆ ಕಥೆ ಬರೀತೀನಿ, ನನ್ನ ಕೇಡಿ ಬರೀ ಗಹಗಹಿಸಿ ನಗ್ತಾನೆ, ಜೀವಾನೇ ಬರ್ತಿಲ್ಲ ಅಂತ ಅಳ್ತಾ ಬಂದ್ಯಲ್ಲ, ಅದಕ್ಕೇ ಹೇಳ್ತಿದೀನಿ.

ನಮ್ಮ ಮರುಳಯ್ಯ ಗುರುಗಳ ಆಶ್ರಮ ಈ ದಡದಲ್ಲೇ ಇತ್ತು. ಅವರು ಕಥೆ ಶುರು ಮಾಡಿದ್ರೆ ಹೊಳೆ ಹರಿಯೋದು ಬಿಟ್ಟು ಕೇಳ್ತಿತ್ತು. ಮೀನು ಹಿಡಿಯೋರು ಬೈಕೋತಿದ್ರು.

"ಅಜ್ಜಾ, ಹೊಳೆ ನಿಂತುಬಿಡ್ತಿತ್ತಾ?"

ನಿಧಾನ ಆಗ್ತಿತ್ತು ಅಂತಿಟ್ಕೋ.

ಕಥೆ ಹೇಳೋವಾಗ ಕೇಳೋರು ಹೂಂಗುಟ್ಟಬೇಕು, ಗೊತ್ತಲ್ಲ. ನಮ್ಮಲ್ಲಿ ಶಿಷ್ಯ ಕಥೆ ಹೇಳಿದ್ರೆ ಗುರುಗಳೇ ಹೂಂಗುಟ್ಟೋರು. ಅವರ ಹೂಂ ಎಲ್ಲಿ ನಿಲ್ತೋ ಕಥೆ ಅಲ್ಲೇ ಸತ್ತಂಗೆ. ಕೊನೇತನಕ ಹೂಂ ಬಂದ್ರೆ ನೀನು ಕಥೆಗಾರ. ಇಲ್ಲಾಂದ್ರೆ ಗಂಟುಮೂಟೆ ಕಟ್ಟು.

ಒಂದಿನ ನನ್ನ ಸರದಿ ಬಂತು. ನಂಗೆ ಅವತ್ತೇ ಕಡೇ ಅವಕಾಶ. ತಪ್ಪಿದ್ರೆ ಊರಲ್ಲಿ ಸೋದರಮಾವನ ಸುಣ್ಣ ಸುಡೋ ಗೂಡು ಬಾಯಿ ತೆರಕೊಂಡು ಕಾಯ್ತಿತ್ತು.

ಶುರು ಮಾಡಿದೆ. "ಒಂದೂರಲ್ಲಿ ಒಬ್ಬ ಅಂಬಿಗ ಇದ್ದ."

"ಹೂಂ."

"ಹೊಳೆ ತುಂಬಿತ್ತು. ಒಬ್ಬ ತಾಯಿ ಜ್ವರದ ಮಗೂನ ಎತ್ಕೊಂಡು ಬಂದು, ಆ ದಡ ಮುಟ್ಸಪ್ಪಾ ಅಂದ್ಳು."

"ಹೂಂ."

"ಆಗಲ್ಲ ಹೋಗು ಅಂತ ಅಂಬಿಗ ಗಹಗಹಿಸಿ ನಕ್ಕ."

ಹೂಂ ಬರ್ಲಿಲ್ಲ.

"ಯಾಕೋ ಆಗಲ್ಲ ಅಂದ?" ಅಂತ ಗುರುಗಳು ಕೇಳಿದ್ರು.

"ಕೆಟ್ಟವನು ಸ್ವಾಮಿ."

"ನಿಂಗೆ ಹೇಳಿದ್ನಾ?"

"ಅವನ್ಯಾಕೆ ಹೇಳ್ತಾನೆ? ಅವನ್ನ ಕಟ್ಟಿದೋನು ನಾನು."

ಗುರುಗಳು ಎದ್ದು ಸೀದಾ ದಡಕ್ಕೆ ನಡೆದ್ರು. ಅವತ್ತೂ ಹೊಳೆ ಕೆಂಪಗೆ ಉಕ್ಕಿ ಹರೀತಿತ್ತು. ಹರಿಗೋಲು ನೀರಿಗೆ ತಳ್ಳಿ, "ಹತ್ತೋ ತಿಪ್ಪೇಶಿ" ಅಂದ್ರು.

"ಸ್ವಾಮಿ, ಇನ್ನೂ ಊಟ ಆಗಿಲ್ಲ."

"ಹತ್ತು."

ಹತ್ತಿದೆ. ಹುಟ್ಟು ನನ್ನ ಕೈಗೇ ಕೊಟ್ರು. ನಡುನೀರಿಗೆ ಹೋಗೋಷ್ಟರಲ್ಲಿ ಹರಿಗೋಲು ಬುಗುರಿ ಥರ ತಿರುಗೋಕೆ ಹತ್ತಿತು. ಅಲೆ ಒಂದೊಂದೂ ಆನೆಯಷ್ಟಿತ್ತು. ಮರಿಯಾನೆ ಅಲ್ಲ, ದಸರಾ ಆನೆ.

ಅಷ್ಟರಲ್ಲಿ ಗುರುಗಳು ಹೆಂಗಸಿನ ದನೀಲಿ, "ಅಪ್ಪಾ ಅಂಬಿಗ, ಮಗೀಗೆ ಜ್ವರ. ಆ ದಡ ಮುಟ್ಸಪ್ಪಾ" ಅಂತ ಕೈ ಮುಗಿದ್ರು.

"ಆಗಲ್ಲ! ವಾಪಸ್ ಹೋಗೋಣ!"

"ಅಯ್ಯೋ ಪಾಪಿ. ಎಂಥಾ ಕೆಟ್ಟವನಪ್ಪಾ ನೀನು!"

"ಕೆಟ್ಟವನಲ್ಲ ಸ್ವಾಮಿ, ಭಯ! ಮುಳುಗಿ ಹೋಗ್ತೀವಿ!"

ಗುರುಗಳು "ಹೂಂ" ಅಂದ್ರು.

ಹುಟ್ಟು ಕಿತ್ಕೊಂಡು ಒಂದೇ ಬೆರಳಲ್ಲಿ ಹರಿಗೋಲು ದಡಕ್ಕೆ ತಂದ್ರು. ಕಿರುಬೆರಳು. ನಾನೇ ನೋಡಿದೀನಿ.

ಒದ್ದೆ ಬಟ್ಟೇಲೇ ನನ್ನ ಕೂರಿಸಿ, "ಈಗ ಹೇಳು" ಅಂದ್ರು.

"ಅಂಬಿಗ ಅಂದ, ತಾಯೀ, ನಂಗೆ ಭಯ ಆಗುತ್ತೆ."

ಮತ್ತೆ ಹೂಂ ಇಲ್ಲ.

"ಸ್ವಾಮಿ, ನಿಜಾನೇ ಹೇಳಿದ್ನಲ್ಲ!"

"ಹರಿಗೋಲು ಹತ್ತು ಅಂದಾಗ ನೀನು ಭಯ ಅಂದ್ಯಾ?"

ಕಣ್ಣಲ್ಲಿ ನೀರೇ ಬಂತು. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟೆ.

"ಇದು ನನ್ನ ಊಟದ ಹೊತ್ತು, ನಾಳೆ ಬಾ ಅಂದ ಅಂಬಿಗ."

"ಹೂಂ."

"ಗುಡಿಸಲೊಳಗೆ ಹೋಗಿ ತಟ್ಟೆ ಮುಂದೆ ಕೂತ. ತುತ್ತು ಕಲಸಿದ, ಎತ್ತೋಕಾಗ್ಲಿಲ್ಲ."

"ಹೂಂ."

"ಹೊರಗೆ ಮಗು ಕೆಮ್ತು."

ಗುರುಗಳು ಹೂಂ ಅನ್ನೋಕೆ ಹೋದ್ರು. ದನಿ ಬರ್ಲಿಲ್ಲ, ತಲೆ ಆಡಿಸಿದ್ರು. ಏನು ಗುರು ಅಂತೀಯ! ಜಗತ್ತಿನ ಕಥೆಯೆಲ್ಲ ಕೇಳಿದ ಕಿವಿ ಅದು. ನನ್ನಂಥಾ ಪೋರ ಕಟ್ಟಿದ ಅಂಬಿಗನಿಗೆ ಅವರ ಮನಸ್ಸು ಮಿಡೀತು.

ಮುಂದಿಂದು ನಾನು ಹೇಳ್ಲಿಲ್ಲ, ಅಂಬಿಗನೇ ನಡೆಸ್ದ. ತಟ್ಟೆ ತಂದು ಆ ತಾಯಿ ಮುಂದೆ ಇಟ್ಟ. ಹುಟ್ಟು ತಗೊಂಡ, ಹರಿಗೋಲು ಬಿಚ್ಚಿದ, ದಾಟಿಸಿದ. ಕೊನೇತನಕ ಹೂಂ ಬಂತು ವಸುಮತಿ. ಕೊನೇ ಹೂಂಗೆ ಆಶ್ರಮದ ಹಸು ಕೂಡ ಹೂಂ ಅಂತು.

ಆಗಲೇ ನೋಡು, ಸುತ್ತ ಕೂತು ಕಥೆ ಕೇಳ್ತಿದ್ದ ಜನ ಅತ್ತಿತ್ತ ಸರಿದು ದಾರಿ ಬಿಟ್ರು. ಹೆಗಲ ಮೇಲೆ ಹುಟ್ಟು ಹೊತ್ಕೊಂಡು, ಮೈಯೆಲ್ಲ ನೀರು ತೊಟ್ಟಿಕ್ಕಿಸ್ತಾ, ಆ ಅಂಬಿಗ ಬಂದು ನನ್ನೆದುರು ನಿಂತ.

"ಅಜ್ಜಾ! ಯಾವ ಅಂಬಿಗ?"

ಅವನೇ. ಕಥೇದು.

"ಏನಜ್ಜಾ ನೀವು! ಅವನ್ನ ಕಟ್ಟಿದೋರು ನೀವು. ಅವನು ಎಲ್ಲಿಂದ ಬರ್ತಾನೆ?"

ನಾನೂ ಗಾಬರಿಯಾಗಿ ಗುರುಗಳನ್ನ ಅದನ್ನೇ ಕೇಳ್ದೆ ಕಣಮ್ಮ.

"ಅವರೇನಂದ್ರು?"

"ಸ್ವಲ್ಪ ಸರ್ಕೊಳೋ, ಅವನೂ ಕೂತ್ಕೊಳ್ಲಿ" ಅಂದ್ರು.