ಟ್ರಂಕ್ ಆಫೀಸಿನಲ್ಲಿ ನಡುವೆ ಕೂತವನು

“ಅಜ್ಜಾ, ನಾಳೆ ಇಬ್ಬರು ಅಣ್ಣತಮ್ಮಂದಿರ ನಡುವೆ ಮಾತು ಒಯ್ಯಬೇಕು. ಅಣ್ಣನ ಮಾತು ಬಲು ಒರಟು. ದಾರಿಯಲ್ಲಿ ಚೂರು ಸಿಹಿ ಬೆರೆಸಿದರೆ ತಪ್ಪೇ?” ಎಂದು ಶಿಷ್ಯ ಈರಬಸವ ಕೇಳಿದ. ಆ ಮನೆ ಒಡೆಯದೆ ಉಳಿಯಲಿ ಎಂಬುದೊಂದೇ ಅವನ ಆಸೆ.

ಗಿರಿಮಲ್ಲಜ್ಜ ಮೀಸೆ ತೀಡಿದರು. “ತಮ್ಮಾ, ನಾನು ಟ್ರಂಕ್ ಆಫೀಸಿನಲ್ಲಿ ಕೂತರೆ ಹನ್ನೆರಡು ಊರು ಒಂದೇ ಉಸಿರಿಗೆ ಮಾತಾಡುತ್ತಿದ್ದವು. ಬರೀ ಕೆಮ್ಮು ಕೇಳಿ ಯಾವ ಊರಿನವನು ಅಂತ ಹೇಳುತ್ತಿದ್ದೆ. ಮೂವತ್ತು ವರ್ಷ, ಯಾರ ಮಾತಿಗೂ ಒಂದಕ್ಷರ ಬೆರೆಸಿದವನಲ್ಲ ನಾನು.”

ಆ ಆಫೀಸು ಈಗಿಲ್ಲ. ಅಲ್ಲಿ ಜೊತೆಗೆ ಕೂತವರೂ ಯಾರೂ ಉಳಿದಿಲ್ಲ. ಈರಬಸವ ತಲೆಯಾಡಿಸಿದ. ಅಜ್ಜ ಕತೆ ಹೇಳಿದರು.

ಒಬ್ಬ ಟೆಲಿಫೋನ್ ಆಪರೇಟರ್ ಇದ್ದ. ಆಗೆಲ್ಲ ಒಂದೊಂದು ಊರಿನ ಎಕ್ಸ್‌ಚೇಂಜಿಗೆ ತನ್ನ ಊರಷ್ಟೇ ಗೊತ್ತು. ದೂರದ ಎರಡು ಊರು ಮಾತಾಡಬೇಕಾದರೆ ಎರಡರ ತಂತಿಯೂ ನಡುವಿನ ಟ್ರಂಕ್ ಆಫೀಸಿಗೆ ಬರಬೇಕು. ಅವನು ವೈರು ಚುಚ್ಚಿ ಕೂಡಿಸಬೇಕು. ಗಾಳಿಮಳೆಗೆ ದನಿ ಸೋತರೆ ಆ ಊರಿನವರಿಗೆ ಈ ಊರಿನವರು ಕೇಳಿಸರು. ನಡುವೆ ಕೂತವನಿಗೆ ಮಾತ್ರ ಇಬ್ಬರೂ ಕೇಳಿಸುತ್ತಾರೆ. ಆಗ ಅತ್ತಲಿನ ಮಾತನ್ನು ಇತ್ತ, ಇತ್ತಲಿನದನ್ನು ಅತ್ತ, ಇದ್ದದ್ದು ಇದ್ದಂತೆ ಒಪ್ಪಿಸುವುದು ಅವನ ಕೆಲಸ.

ಒಂದು ದಿನ ತುಂಬು ಬಸುರಿಯೊಬ್ಬಳು ದೂರದ ಗಿರಣಿಯಲ್ಲಿದ್ದ ಗಂಡನಿಗೆ ಟ್ರಂಕ್ ಕಾಲ್ ಹಾಕಿಸಿದಳು. ತಂತಿಯಲ್ಲಿ ದನಿ ಸೋತಿತ್ತು. “ಹೆರಿಗೆಗೆ ಬರುತ್ತಾರಾ ಕೇಳಣ್ಣಾ. ಇಲ್ಲ ಅಂದರೆ ಇವತ್ತೇ ತವರಿಗೆ ಹೋಗುತ್ತೇನೆ,” ಎಂದಳು.

ಗಂಡ, “ಬರುವುದಿಲ್ಲ. ಇನ್ನು ನನ್ನ ದಾರಿ ಕಾಯಬೇಡ ಅಂತ ಹೇಳಿಬಿಡು,” ಎಂದ.

ಆಪರೇಟರನಿಗೆ ಆ ಮಾತು ಒಪ್ಪಿಸಲು ಮನಸ್ಸು ಬರಲಿಲ್ಲ. “ಬರುತ್ತಾರಂತೆ ತಾಯಿ,” ಎಂದುಬಿಟ್ಟ.

ಅವಳು ತವರಿಗೆ ಹೋಗಲಿಲ್ಲ. ಬಾಗಿಲು ನೋಡುತ್ತ ಕೂತವಳಿಗೆ ಒಬ್ಬಳೇ ಇದ್ದಾಗ ನೋವು ಬಂತು. ನೆರೆಯವರು ಓಡಿ ಬಂದು ತಾಯಿ ಮಗುವನ್ನು ಹೇಗೋ ಉಳಿಸಿಕೊಂಡರು. ಗಂಡ ಬರಲಿಲ್ಲ.

ಆರು ತಿಂಗಳಾದ ಮೇಲೆ ಅವಳು ಮತ್ತೆ ಟ್ರಂಕ್ ಆಫೀಸಿಗೆ ಫೋನು ಮಾಡಿದಳು. ಗಂಡನ ನಂಬರು ಕೇಳಲಿಲ್ಲ. “ಅಣ್ಣಾ, ಅವತ್ತು ‘ಬರುತ್ತೇನೆ’ ಅನ್ನುವಾಗ ಅವರ ದನಿ ಹೇಗಿತ್ತು? ಅದೊಂದನ್ನೇ ನಂಬಿ ಕೂತಿದ್ದೇನೆ,” ಎಂದಳು.

ಅಜ್ಜ ಅಲ್ಲಿಗೆ ನಿಲ್ಲಿಸಿ ಎಲೆಯಡಿಕೆಗೆ ಕೈ ಹಾಕಿದರು.

ಈರಬಸವ ಹತ್ತಿರ ಸರಿದ. “ಅಜ್ಜಾ, ಗಂಡ ‘ಬರುವುದಿಲ್ಲ’ ಅಂದದ್ದು ಕೇಳಿಸಿದ್ದು ಆ ಆಪರೇಟರ್ ಒಬ್ಬನಿಗೇ. ಅದು ನಿಮಗೆ ಹೇಗೆ ಗೊತ್ತಾಯಿತು? ಒಂದಕ್ಷರ ಬೆರೆಸಿದವನಲ್ಲ ಅಂದಿರಲ್ಲ?”

ಅಜ್ಜ ಭುಜ ಕುಣಿಸಿದರು.

“‘ಬಲು ಮೆತ್ತಗಿತ್ತು ತಾಯಿ’ ಅಂದೆ.”