ಮಾಸಾಹೇಬರು ಜೈತುನಬಿಯ ಜಡೆ ಬಿಡಿಸಿದ್ದು

ಡೋಣಿ ಹೊಳೆಯ ದಂಡೆಯ ಮೇಲೆ ಬೇವಿನಗಡ್ಡಿ ಎಂಬ ಸಣ್ಣ ಊರು. ಊರ ಹೊರಗೆ, ಗಾರೆ ಉದುರಿ ಪಾಳುಬಿದ್ದ ಹಳೆಯ ಮಸೀದಿಯ ಮಗ್ಗುಲಲ್ಲಿ, ಮಣ್ಣಿನ ಮಾಳಿಗೆಯ ಒಂದೇ ಕೋಣೆಯ ಮನೆಯಲ್ಲಿ ಹಜ್ರತ್ ಬೀಬಿ ಸಾಲೆಹಾ ಅವರು ವಾಸವಾಗಿದ್ದರು. ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಸುತ್ತಲಿನ ಹಳ್ಳಿಗಳ ಹಿಂದೂಗಳಿಗೂ ಮುಸಲ್ಮಾನರಿಗೂ ಅವರು ಮಾಸಾಹೇಬರು. ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ಆ ಪುಣ್ಯಾತ್ಮರು ಉಳಿದ ಆಯುಷ್ಯವನ್ನೆಲ್ಲ ಅಲ್ಲಾಹನ ಸ್ಮರಣೆಯಲ್ಲೂ ಅವನು ಸೃಷ್ಟಿಸಿದವರ ಸೇವೆಯಲ್ಲೂ ಸವೆಸಿದರು.

ಮನೆಯಲ್ಲಿ ಒಂದು ಚಾಪೆ, ನಮಾಜಿಗೆ ಹಾಸುವ ಒಂದು ಬಟ್ಟೆ, ನೀರಿನ ಕೊಡ, ಕಲಾಯಿ ಹೋದ ತಂಬಿಗೆ. ಗೋಡೆಯ ಗೂಡಿನಲ್ಲಿ ಎಳ್ಳೆಣ್ಣೆಯ ಕುಡಿಕೆ, ಕಣ್ಣಿಗೆ ಹಚ್ಚುವ ಸುರಮಾದ ಡಬ್ಬಿ, ತಲೆ ಬಾಚುವ ಕಟ್ಟಿಗೆಯ ಹಣಿಗೆ. ಇವಿಷ್ಟೇ ಅವರ ಸಂಪತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಊರಿನ ಮಕ್ಕಳು ಅವರ ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು. ಮಾಸಾಹೇಬರು ಒಬ್ಬೊಬ್ಬರ ಕೈ ಹಿಡಿದು 'ಬಿಸ್ಮಿಲ್ಲಾ' ಎನ್ನುತ್ತ ಉಗುರು ತೆಗೆಯುತ್ತಿದ್ದರು. ಹಲ್ಲುಜ್ಜಲು ಬೇವಿನ ಕಡ್ಡಿ ಕೊಡುತ್ತಿದ್ದರು. ತಾಯಿ ಇಲ್ಲದ ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದರು. ದೂರದ ಊರುಗಳಿಂದ ತಾಯತ ಬೇಡಿ ಬಂದವರು "ಮೊದಲು ಕೈ ತೋರಿಸು ನೋಡೋಣ" ಎಂದು ಹೇಳಿಸಿಕೊಂಡು, ಉಗುರು ತೆಗೆಸಿಕೊಂಡು, ತಾಯತವಿಲ್ಲದೆ ನಗುತ್ತ ಮರಳಿದ್ದೂ ಉಂಟು. ನಮಾಜು, ಉಪವಾಸಗಳಂತೆ ಈ ಮೈಶುಚಿಯೂ ಪೈಗಂಬರರು ತೋರಿದ ದಾರಿಯೇ ಎಂಬುದು ಅವರ ದೃಢ ನಂಬಿಕೆಯಾಗಿತ್ತು.

ಚಳಿಗಾಲದ ಒಂದು ಮಧ್ಯಾಹ್ನ. ಜುಹರ್ ನಮಾಜ್ ಮುಗಿಸಿದ ಮಾಸಾಹೇಬರು ಬಿಸಿಲಿಗೆ ಕುಳಿತು ತಾವು ತಲೆಗೆ ಹೊದೆಯುವ ಓಢನಿಗೆ ತೇಪೆ ಹಾಕುತ್ತಿದ್ದರು. ಆಗ ಎತ್ತಿನ ಬಂಡಿಯೊಂದು ಬಂದು ಅಂಗಳದ ಮುಂದೆ ನಿಂತಿತು. ಬಂಡಿ ಹೊಡೆದುಕೊಂಡು ಬಂದವನು ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬಿನ ಲಾಡ್ಲೇಸಾಬ. ಮೊದಲು ಅವನ ತಾಯಿ ಇಮಾಮಬಿ ಇಳಿದಳು. ಗಟ್ಟಿ ಮೈಯ, ಗಟ್ಟಿ ದನಿಯ ಹೆಂಗಸು. ಆಮೇಲೆ ಇಬ್ಬರೂ ಸೇರಿ ಬಂಡಿಯ ಹಿಂದಿನಿಂದ ಒಬ್ಬ ಹೆಣ್ಣುಮಗಳನ್ನು ತೋಳು ಹಿಡಿದು ಇಳಿಸಿದರು. ಅವಳು ಲಾಡ್ಲೇಸಾಬನ ಹೆಂಡತಿ ಜೈತುನಬಿ.

ಅವಳನ್ನು ಕಂಡು ಅಂಗಳದಲ್ಲಿದ್ದ ನೆರೆಯ ಹೆಂಗಸರು ಎದ್ದು ದೂರ ಸರಿದರು. ತಿಂಗಳುಗಟ್ಟಲೆ ನೀರು ಕಾಣದ ಮೈ. ಕೂದಲು ಒಂದೇ ಮುದ್ದೆಯಾಗಿ, ಹಗ್ಗದಂತೆ ಗಂಟುಗಟ್ಟಿ ಬೆನ್ನ ಮೇಲೆ ಬಿದ್ದಿತ್ತು. ಉಗುರುಗಳಲ್ಲಿ ಕಪ್ಪು ಮಣ್ಣು. ವಯಸ್ಸು ಇನ್ನೂ ಎಳೆಯದು, ಆದರೆ ಮುಖದಿಂದ ಅದನ್ನು ಹೇಳುವಂತಿರಲಿಲ್ಲ.

"ಮಾಸಾಹೇಬಾ, ನನ್ನ ಸೊಸಿಗಿ ಜಿನ್ನು ಬಡದದರಿ," ಎಂದಳು ಇಮಾಮಬಿ. "ನೀರು ಕಂಡ್ರ ಚೀರತಾಳ. ಜಳಕಿಲ್ಲ, ವುಜೂ ಇಲ್ಲ, ನಮಾಜಿಲ್ಲ. ಮಾತೂ ನಿಂತಾವ. ತಲಿ ಬಾಚೂದಕ್ಕ ಹೋದ್ರ, ಜಡಿ ಮುಟ್ಟಿದ್ರ ಮನಿಗಿ ಕೇಡು ಅಂತಾರ ಮಂದಿ. ನೀವೊಂದು ತಾಯತ ಕಟ್ರಿ. ಆಗೂದಿಲ್ಲಂದ್ರ ಹೇಳಿಬಿಡ್ರಿ, ಹೊಳಿ ಆಚಿ ದರ್ಗಾಕ್ಕ ಒಯ್ದು ಸರಪಳಿ ಹಾಕಿ ಬಿಟ್ಟು ಬರ್ತೀವಿ. ನನ್ನ ಮಗನ ಬಾಳೇವು ಹಾಳಾಗಿ ಹೋತು."

ಲಾಡ್ಲೇಸಾಬ ಎತ್ತುಗಳ ಮೂಗುದಾರ ಹಿಡಿದು ಮುಖ ಆಚೆ ತಿರುಗಿಸಿ ನಿಂತಿದ್ದ.

ಮಾಸಾಹೇಬರು ಜಿನ್ನಿನ ಮಾತು ಕೇಳಲೇ ಇಲ್ಲ ಎಂಬಂತೆ ಎದ್ದು ಜೈತುನಬಿಯ ಬಳಿಗೆ ಬಂದರು. ಆ ಹೊಲಸು ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, "ನಿನ್ನ ಹೆಸರೇನು ಮಗಳ?" ಎಂದು ಕೇಳಿದರು. ಒಳಗೆ ಕರೆದೊಯ್ಯಲು ಹೊಸ್ತಿಲು ದಾಟಿಸಿದರೆ, ಮೂಲೆಯಲ್ಲಿದ್ದ ನೀರಿನ ಕೊಡ ಕಂಡು ಅವಳು ನಡುಗಿ ಗೋಡೆಗೆ ಅಂಟಿಕೊಂಡಳು.

ಮಾಸಾಹೇಬರು ಕೊಡವನ್ನು ತಾವೇ ಎತ್ತಿ ಹೊರಗೆ, ಮನೆಯ ಹಿಂದಕ್ಕೆ ಒಯ್ದಿಟ್ಟರು. ತಂಬಿಗೆಯನ್ನೂ ಕಣ್ಣಿಗೆ ಬೀಳದಂತೆ ಮುಚ್ಚಿದರು. ತಿರುಗಿ ಬಂದು ನೆಲದ ಮೇಲೆ ಅವಳ ಎದುರಿಗೆ ಕುಳಿತು, "ನೀರು ನಿನಗೇನು ಮಾಡ್ತು, ಹೇಳು," ಎಂದರು.

ಮಾಸಾಹೇಬರಿಗೆ ಅವಸರವಿರಲಿಲ್ಲ. ಕೊನೆಗೆ ಜೈತುನಬಿಯ ತುಟಿ ಅಲುಗಿತು.

"ನನ್ನ ಹುಸೇನಿನ್ನ ಒಯ್ತರಿ."

ಆಮೇಲೆ ಒಂದೊಂದೇ ಮಾತು ಹೊರಬಂತು. ಮೆಟ್ಟಿಲ ಬಾವಿಗೆ ನೀರಿಗೆ ಹೋಗಿದ್ದಳು. ಇನ್ನೂ ತೊದಲು ಮಾತಿನ ಮಗ ಸೆರಗು ಹಿಡಿದು ಬಂದಿದ್ದ. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ಕರೆಯುವ ಅಜಾನ್ ಕೇಳಿತು. ಹೊತ್ತು ಮೀರಬಾರದೆಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ನಮಾಜಿಗೆ ಮುಂಚೆ ಕೈ ಮುಖ ಕಾಲು ತೊಳೆಯುವ ವುಜೂ ಮಾಡತೊಡಗಿದಳು.

"ಮುಖಕ್ಕ ನೀರು ಹಾಕ್ಕೊಂಡೆ. ಕಣ್ಣು ಮುಚ್ಚಿದ್ದೆ. ಬರೇ ಅಷ್ಟ ಹೊತ್ತು. ಕಣ್ಣು ತೆರೆದ್ರ ಕೂಸಿಲ್ಲ." ಅವಳು ಮಾಸಾಹೇಬರ ಮುಖ ನೋಡಿದಳು. "ನಾ ಅಲ್ಲಾನ ಸಲುವಾಗೇ ಮುಖ ತೊಳ್ಕೊಳ್ಳಾಕತ್ತಿದ್ದೆನ್ರಿ. ಅದ ಹೊತ್ತಿನ್ಯಾಗ ಅವ ಹಿಂಗ್ಯಾಕ ಮಾಡ್ದ?"

ಬಾಗಿಲಲ್ಲಿ ನಿಂತಿದ್ದ ಇಮಾಮಬಿಗೆ ತಡೆಯಲಾಗಲಿಲ್ಲ. "ಕೂಸಿನ್ನ ಬಾವಿ ದಂಡಿಗಿ ಬಿಟ್ಟು ಕಣ್ಣು ಮುಚ್ಚಿದಾಕಿ ನೀನು! ಈಗ ದೇವರ ಮ್ಯಾಲ ಹಾಕ್ತಿ ಏನ? ಹೆತ್ತಾಕಿ ಆಗಿ..."

"ಸಾಕು," ಎಂದರು ಮಾಸಾಹೇಬರು. ದನಿ ಏರಿಸಲಿಲ್ಲ. ಇಮಾಮಬಿಯ ಮಾತು ಅಲ್ಲಿಗೇ ನಿಂತಿತು.

ಮಾಸಾಹೇಬರು ಜೈತುನಬಿಯ ಗಲ್ಲ ಹಿಡಿದು ಹೇಳಿದರು. "ಯಾಕ ಅಂತ ನನಗೂ ಗೊತ್ತಿಲ್ಲ ಮಗಳ. ಗೊತ್ತದ ಅಂತ ಸುಳ್ಳು ಹೇಳಾಂಗಿಲ್ಲ. ಆದ್ರ ನೀ ಯಾರ ಕಡೆ ಮುಖ ಮಾಡಿ ಕಣ್ಣು ಮುಚ್ಚಿದ್ಯಲ್ಲ, ಅವನ ಮಡಿಲಿಗೇ ನಿನ್ನ ಕೂಸು ಹೋಗ್ಯದ. ಬ್ಯಾರೆ ಎಲ್ಲೂ ಹೋಗಿಲ್ಲ."

ಹೊರಗೆ ಲಾಡ್ಲೇಸಾಬ ಬಂಡಿಯ ಗಾಲಿಗೆ ಹಣೆ ಹಚ್ಚಿ ಅಳುತ್ತಿದ್ದ. ತಿಂಗಳುಗಳ ಮೇಲೆ ಅವನು ಹೆಂಡತಿಯ ದನಿ ಕೇಳಿದ್ದ.

ಹೊತ್ತು ವಾಲಿತು. ಊರೊಳಗಿನಿಂದ ಅಸರ್ ಅಜಾನ್ ತೇಲಿ ಬಂತು. ಆ ಕರೆ ಕಿವಿಗೆ ಬಿದ್ದೊಡನೆ ಜೈತುನಬಿ ಕಿವಿ ಮುಚ್ಚಿಕೊಂಡಳು. ಮಾಸಾಹೇಬರು ಅವಳನ್ನು ಅಂಗಳಕ್ಕೆ ಕರೆತಂದು, ಬಿಸಿಲಿಗೆ ಕಾದ ಶುದ್ಧ ಮಣ್ಣಿನ ಮುಂದೆ ಕೂರಿಸಿದರು. "ನೀರಿನ ಮ್ಯಾಲ ಸಿಟ್ಟದ, ಇರಲಿ. ಮಣ್ಣಿನ ಮ್ಯಾಲ ಇಲ್ಲಲ್ಲ?" ಎಂದು ಕೇಳಿದರು.

ನೀರು ಸಿಗದವರಿಗೆ, ನೀರು ಸೋಕಿದರೆ ಕಾಯಿಲೆ ಹೆಚ್ಚುವವರಿಗೆ ಮಣ್ಣೇ ಶುದ್ಧಿಯ ಸಾಧನವೆಂದು ಧರ್ಮ ಒಪ್ಪಿದೆ. ತಯಮ್ಮುಮ್ ಎಂದು ಅದರ ಹೆಸರು. ಆದರೆ ಇಮಾಮಬಿ ಸುಮ್ಮನಿರಲಿಲ್ಲ. "ಇದು ಹ್ಯಾಂಗ ನಡೀತದ್ರಿ ಮಾಸಾಹೇಬಾ? ಹಿತ್ತಲದಾಗ ಕೊಡದ ತುಂಬ ನೀರದ. ಈಕಿಗಿ ಜ್ವರಿಲ್ಲ, ಗಾಯಿಲ್ಲ."

"ಗಾಯ ಅದ ಇಮಾಮಬಿ. ನೀನು ನೋಡಿಲ್ಲ."

ಇಷ್ಟು ಹೇಳಿ ಮಾಸಾಹೇಬರು ತಾವೇ ಮೊದಲು ಮಣ್ಣಿನ ಮೇಲೆ ಅಂಗೈ ಊರಿದರು, ಕೊಡವಿದರು, ಮುಖದ ಮೇಲೆ ಸವರಿದರು, ಮತ್ತೆ ಊರಿ ಕೈಗಳನ್ನು ಮೊಣಕೈವರೆಗೆ ಸವರಿದರು. ಜೈತುನಬಿ ಅವರನ್ನೇ ನೋಡುತ್ತ ಹಾಗೆಯೇ ಮಾಡಿದಳು. ಬೆಚ್ಚನೆಯ ಮಣ್ಣು ಕೆನ್ನೆಗೆ ತಾಗಿದಾಗ ಅವಳು ಹೆದರಲಿಲ್ಲ. ಇಬ್ಬರೂ ನಮಾಜಿಗೆ ನಿಂತರು. ಹಣೆಯನ್ನು ನೆಲಕ್ಕೆ ಹಚ್ಚಿದ ಜೈತುನಬಿ ಬಹಳ ಹೊತ್ತು ಮೇಲೇಳಲಿಲ್ಲ. ಬಿಕ್ಕಿದಾಗೊಮ್ಮೆ ಅವಳ ಬೆನ್ನು ಅಲುಗುತ್ತಿತ್ತು. ಮಾಸಾಹೇಬರು ಅವಳನ್ನು ಎಬ್ಬಿಸಲಿಲ್ಲ.

ಬಂಡಿಯಲ್ಲಿ ಬಂದ ಮೂವರೂ ಆ ದಿನ ಊರಿಗೆ ಹಿಂದಿರುಗಲಿಲ್ಲ. ಮರುದಿನ ಬೆಳಿಗ್ಗೆ ಮಾಸಾಹೇಬರು ಎಳ್ಳೆಣ್ಣೆ ಬೆಚ್ಚಗೆ ಮಾಡಿಕೊಂಡು, ಹಣಿಗೆ ಹಿಡಿದು, ಜೈತುನಬಿಯನ್ನು ತಮ್ಮ ಮುಂದೆ ಕೂರಿಸಿಕೊಂಡರು. ಇಮಾಮಬಿ ಅಡ್ಡ ಬಂದಳು. "ಜಡಿ ಮುಟ್ಟಬ್ಯಾಡ್ರಿ. ಕೇಡಾಗ್ತದ."

"ಏನು ಕೇಡು?"

"ಅದು ಜಿನ್ನಿನ ಜಡಿ ಅಂತಾರ್ರಿ."

"ಮೈ ಅಂಬೂದು ಮ್ಯಾಲಿನ ಮಾಲಕ ನಮ್ಮ ಕೈಯಾಗ ನಂಬಿ ಇಟ್ಟ ಅಮಾನತ ಇಮಾಮಬಿ," ಎಂದರು ಮಾಸಾಹೇಬರು. "ಕಣ್ಣು, ಹಲ್ಲು, ಉಗುರು, ಕೂದಲು, ಎಲ್ಲಾ ಅವನ ಒಡವಿ. ಆತನ ಒಡವಿ ಒರೆಸಿ ಇಟ್ರ ಕೇಡ್ಯಾಕ ಆದೀತು? ಬಾ, ನೀ ಬುಡ ಹಿಡಿ. ಜಗ್ಗಿದ್ರ ನೋಯ್ತದ."

ಇಮಾಮಬಿಗೆ ಎದುರಾಡುವ ಧೈರ್ಯ ಬರಲಿಲ್ಲ. ಒಲ್ಲದ ಮನಸ್ಸಿನಿಂದ ಕುಳಿತು ಸೊಸೆಯ ಕೂದಲಿನ ಬುಡ ಹಿಡಿದಳು. ಮಾಸಾಹೇಬರು ತುದಿಯಿಂದ ಆರಂಭಿಸಿದರು. ಎಣ್ಣೆ ಇಳಿಸಿ, ಬೆರಳಿಂದ ಎಳೆ ಬಿಡಿಸಿ, ಆಮೇಲೆ ಹಣಿಗೆ ಆಡಿಸುತ್ತಿದ್ದರು. ತುಟಿಯ ಮೇಲೆ ಪೈಗಂಬರರನ್ನು ಹರಸುವ ದರೂದ್ ಶರೀಫ್ ನಡೆದೇ ಇತ್ತು. ಬಿಡಿಸಲು ಬಾರದ ಗಂಟುಗಳನ್ನು ಕತ್ತರಿಸಿ ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟರು. ಬಿಸಿಲು ಏರಿತು. ಮುದ್ದೆ ಸಡಿಲವಾದಂತೆ ಒಳಗಿನ ನೆತ್ತಿ ಕಾಣತೊಡಗಿತು. ಹೇನು ಕಚ್ಚಿ, ಕೆರೆದು, ಕೀವುಗಟ್ಟಿದ ಹುಣ್ಣುಗಳು. ಕೆಲವು ಕಡೆ ರಕ್ತ ಒಣಗಿ ಕೂದಲಿಗೆ ಅಂಟಿತ್ತು.

ಇಮಾಮಬಿಯ ಕೈ ನಿಂತಿತು.

ಇಷ್ಟು ದಿನ ಈ ತಲೆ ಅವಳ ಕಣ್ಣ ಮುಂದೆಯೇ ಇತ್ತು. ಇದರೊಳಗೆ ಇಷ್ಟು ನೋವಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಹುಣ್ಣಿಗೆ ಬೆರಳು ತಾಗಿದಾಗಲೂ ಜೈತುನಬಿ 'ಹಾ' ಅನ್ನದೆ ಕುಳಿತಿದ್ದಳು. ನೋವನ್ನು ತನಗೆ ಸಲ್ಲಬೇಕಾದ ಶಿಕ್ಷೆಯೆಂದು ಒಪ್ಪಿಕೊಂಡವಳಂತೆ ಕುಳಿತಿದ್ದಳು. ಮೊಮ್ಮಗ ಸತ್ತ ದಿನದಿಂದ ಇಮಾಮಬಿ ಅತ್ತಿರಲಿಲ್ಲ, ಬೈದಿದ್ದಳು ಅಷ್ಟೇ. ಈಗ ಸೊಸೆಯ ನೆತ್ತಿಯ ಮೇಲೆ ಅವಳ ಕಣ್ಣೀರು ತೊಟ್ಟಿಕ್ಕಿತು. "ಯವ್ವಾ, ಜೈತುನಾ, ಎಷ್ಟು ನೊಂದ್ಯವ್ವಾ," ಎಂದಳು.

ಮಾಸಾಹೇಬರು ತಮ್ಮ ಕೈಯ ಹಣಿಗೆಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಉಳಿದ ಕೂದಲನ್ನೆಲ್ಲ ಬಿಡಿಸಿದವಳು ಇಮಾಮಬಿ.

ಸಂಜೆಯ ಹೊತ್ತಿಗೆ ಮಾಸಾಹೇಬರು ಜೈತುನಬಿಯ ಉಗುರು ತೆಗೆದರು. ಕತ್ತರಿಸಿದ ಕೂದಲನ್ನೂ ಉಗುರನ್ನೂ ಕಂಡಲ್ಲಿ ಎಸೆಯದೆ ನೆಲದಲ್ಲಿ ಹೂಳುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಮಾಸಾಹೇಬರು ಬೇವಿನ ಮರದ ಕೆಳಗೆ ಚಿಕ್ಕ ಕುಣಿ ತೋಡಿಸಿ, ಆ ಬಿಳಿ ಬಟ್ಟೆಯ ಗಂಟನ್ನು ಜೈತುನಬಿಯ ಕೈಯಿಂದಲೇ ಇಡಿಸಿದರು. "ಮಣ್ಣು ಹಾಕು ಮಗಳ," ಎಂದರು.

ಹೆಂಗಸರು ಕಬರಸ್ತಾನಕ್ಕೆ ಹೋಗುವ ರೂಢಿ ಆ ಸೀಮೆಯಲ್ಲಿಲ್ಲ. ಮಗನ ಗೋರಿಗೆ ಒಂದು ಹಿಡಿ ಮಣ್ಣು ಹಾಕುವುದೂ ಆ ತಾಯಿಗೆ ಸಾಧ್ಯವಾಗಿರಲಿಲ್ಲ. ಮನೆಯಿಂದ ಸಣ್ಣ ಬಿಳಿ ಗಂಟೊಂದು ಹೋದದ್ದನ್ನು ಮಾತ್ರ ಅವಳು ಕಂಡಿದ್ದಳು. ಈಗ ಬೊಗಸೆ ತುಂಬ ಮಣ್ಣು ತೆಗೆದುಕೊಂಡು, ನಿಧಾನವಾಗಿ, ಕುಣಿ ತುಂಬುವವರೆಗೆ ಹಾಕಿದಳು. ಅಂಗೈಯಿಂದ ಅದನ್ನು ಸಮ ಮಾಡಿದಳು. ಇಮಾಮಬಿ ಅವಳ ಪಕ್ಕದಲ್ಲಿ ಕುಳಿತು, ತೀರಿಕೊಂಡವರಿಗಾಗಿ ಓದುವ ಫಾತಿಹಾ ಓದಿದಳು.

ಎಲ್ಲ ಮುಗಿದ ಮೇಲೆ ಜೈತುನಬಿ ಮಣ್ಣು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಬಹು ಮೆಲ್ಲಗೆ, "ಅತ್ತಿ, ಚೂರು ನೀರು ಹಾಕ್ರಿ," ಎಂದಳು.

ಇಮಾಮಬಿ ಎದ್ದು ಹಿತ್ತಲಿಗೆ ಓಡಿದಳು. ತಂಬಿಗೆಯ ನೀರು ಸಣ್ಣ ಧಾರೆಯಾಗಿ ಸೊಸೆಯ ಕೈಮೇಲೆ ಬಿತ್ತು. ಕೈ ತೊಳೆದಾಯಿತು. ಬಾಯಿ ಮುಕ್ಕಳಿಸಿದ್ದಾಯಿತು. ಬೊಗಸೆಯ ನೀರನ್ನು ಮುಖದ ತನಕ ಎತ್ತಿದವಳು ಅಲ್ಲೇ ನಿಂತುಬಿಟ್ಟಳು. ಕಣ್ಣು ಅಗಲವಾಗಿ ತೆರೆದಿತ್ತು, ಬೆರಳ ಸಂದಿಯಿಂದ ನೀರು ಸೋರಿ ಹೋಗುತ್ತಿತ್ತು. ಮಾಸಾಹೇಬರು ಇಮಾಮಬಿಯ ಕಡೆ ನೋಡಿದರು.

ಇಮಾಮಬಿ ಸೊಸೆಯ ಬೆನ್ನ ಮೇಲೆ ಕೈ ಇಟ್ಟಳು. "ಕಣ್ಣು ಮುಚ್ಚವ್ವಾ," ಎಂದಳು. "ನಾ ನೋಡ್ಕೋತ ಇರ್ತೀನಿ."

ಜೈತುನಬಿ ಕಣ್ಣು ಮುಚ್ಚಿ ಮುಖ ತೊಳೆದಳು. ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜಿಗೆ ಅತ್ತೆ ಸೊಸೆ ಮಾಸಾಹೇಬರ ಮಗ್ಗುಲಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತರು.

ಮುಂದೆ ಊರಿನವರು ಇಮಾಮಬಿಯನ್ನು ಬಹಳ ಸಲ ಕೇಳಿದ್ದುಂಟು, ಸೊಸೆಗೆ ಹಿಡಿದ ಜಿನ್ನನ್ನು ಮಾಸಾಹೇಬರು ಯಾವ ಮಂತ್ರದಿಂದ ಇಳಿಸಿದರು ಎಂದು. ಅವಳ ಉತ್ತರ ಎಂದೂ ಬದಲಾಗಲಿಲ್ಲ. "ಜಿನ್ನು ನನ್ನ ಸೊಸಿಗಿ ಹಿಡಿದಿರಲಿಲ್ಲ. ನನ್ನ ನಾಲಿಗಿಗಿ ಹಿಡಿದಿತ್ತು."

ಮಾಸಾಹೇಬರು ಪರಲೋಕವಾಸಿಗಳಾದ ಎಷ್ಟೋ ವರ್ಷಗಳ ಬಳಿಕ ಇಮಾಮಬಿಯೂ ಹಾಸಿಗೆ ಹಿಡಿದಳು. ತಾನು ಸತ್ತಾಗ ಕೊನೆಯ ಸ್ನಾನ ಮಾಡಿಸಲು ಆ ಕಸುಬಿನವರನ್ನು ಕರೆಸಬಾರದು, ತನ್ನ ಮೈಗೆ ಜೈತುನಳ ಕೈಯೇ ಸೋಕಬೇಕು ಎಂದು ಎಲ್ಲರೆದುರು ಹೇಳಿಟ್ಟಿದ್ದಳು. ಅವಳು ತೀರಿಕೊಂಡ ದಿನ ಜೈತುನಬಿ ಪರದೆಯ ಒಳಗೆ ಬೆಚ್ಚಗಿನ ನೀರಿನಿಂದ ಅತ್ತೆಯ ಮೈ ತೊಳೆದಳು. ಬಿಳಿಯ ಕೂದಲನ್ನು ನೋಯದ ಹಾಗೆ ಬಿಡಿಸಿ ಮೂರು ಎಳೆಯಾಗಿ ಹೆಣೆದಳು. ಮೈಗೆ ಕರ್ಪೂರ ಸವರಿದಳು. ಎಲ್ಲ ಮುಗಿಸಿ ಹೊರಗೆ ಬಂದಾಗ ಅವಳ ಎರಡೂ ತೋಳುಗಳಿಂದ ನೀರು ಇಳಿಯುತ್ತಿತ್ತು.