ದ್ಯಾಮವ್ವ ಸಾರಿದ ಸುದ್ದಿ

ಊರಿನ ಸರಕಾರಿ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದು ಬಹಳ ದಿನವಾಗಿತ್ತು. ಜಿಲ್ಲಾ ಉಗ್ರಾಣದಲ್ಲಿ ರಾಶಿ ಇದ್ದರೂ ಕಳಿಸುವವರಿಲ್ಲ. ವಯಸ್ಸಾದವರು ಬರಿಗೈಲಿ ಮರಳುವುದನ್ನು ನೋಡಿ ಆಯಾ ದ್ಯಾಮವ್ವನಿಗೆ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಬೆಂಗಳೂರಿನ ದೊಡ್ಡ ಮೇಡಂ ತಪಾಸಣೆಗೆ ಬರುವ ಸುದ್ದಿ ಬಂತು. ಉಗ್ರಾಣದ ಸಾಹೇಬರು ಓಡೋಡಿ ಬಂದು ಕಪಾಟಿನ ತುಂಬ ಖಾಲಿ ಡಬ್ಬಿ ಜೋಡಿಸಿದರು.

“ಖಾಲಿ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ,” ಎಂದು ಗದರಿದರು.

“ಇಲ್ರೀ ಸಾಹೇಬ್ರ, ಬಿಡೂದಿಲ್ಲ,” ಎಂದಳು ದ್ಯಾಮವ್ವ. ಬಿಡಲೂ ಇಲ್ಲ. ಮನೆಮನೆಗೆ ಹೋಗಿ, “ಕಪಾಟು ತುಂಬೇತಿ, ನಾಳೆ ಬರ್ರಿ,” ಎಂದು ಸಾರಿ ಬಂದಳು.

ಮರುದಿನ ಸಾಹೇಬರು, “ಔಷಧ ತುಂಬಿ ತುಳುಕ್ತಿದೆ ಮೇಡಂ,” ಎನ್ನುವಷ್ಟರಲ್ಲಿ ಜನರ ಸಾಲು ಅಂಗಳ ದಾಟಿತ್ತು. ಮೇಡಂಗೆ ಖುಷಿಯೋ ಖುಷಿ. “ನನ್ನೆದುರಿಗೇ ಹಂಚಿ,” ಎಂದು ಕುರ್ಚಿ ಎಳೆದು ಕೂತರು.

ಸಾಹೇಬರು ಬೆವರೊರೆಸುತ್ತ ದ್ಯಾಮವ್ವನನ್ನು ಮೂಲೆಗೆ ಕರೆದರು. “ಜನಕ್ಕ ಏನ ಹೇಳೀದಿ?”

“ನೀವು ಮೇಡಮ್ಮೋರಿಗೆ ಹೇಳಿದ್ದನ್ನ ಹೇಳೀನ್ರಿ.”

ಸಾಹೇಬರು ಹೊರಗೋಡಿ ಉಗ್ರಾಣಕ್ಕೆ ಫೋನ್ ಹಚ್ಚಿದರು. ಅಲ್ಲಿಂದ ಜೀಪು ಬರುವವರೆಗೂ ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ. ಗುಳಿಗೆಯ ಪೆಟ್ಟಿಗೆಗಳನ್ನು ಸಾಹೇಬರೇ ಹೊತ್ತು ತಂದರು. “ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ,” ಎಂದು ಮುದುಕಿಯೊಬ್ಬಳು ಅವರ ದೃಷ್ಟಿ ತೆಗೆದು ನೆಟಿಕೆ ಮುರಿದಳು. ದ್ಯಾಮವ್ವನನ್ನು ಬೈಯಲು ತೆರೆದಿದ್ದ ಸಾಹೇಬರ ಬಾಯಿ ಅಲ್ಲೇ ನಗುವಿಗೆ ತಿರುಗಿತು.